ಹಲಗಿಗೆ ಕುತ್ತಿಗಿ ಹಚ್ಯಾರ: ಮುಂಬೈನ ಲಾಲ್‌ಬಾಗ್‌ನ ಒಂದು ವಾದ್ಯ ರಿಪೇರಿ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಈ ಬರಹದಲ್ಲಿ ಇಲ್ಲ. ಬೋರ್ಡು ಇದೆ. ಮಳೆ ಬಿಸಿಲಿಗೆ ಅಕ್ಷರ ಅಳಿಸಿ "ಮ್ಯೂಸಿಕಲ್" ಅನ್ನೋದು ಮಾತ್ರ ಉಳಿದಿದೆ. ಅಂಗಡಿ ನಡೆಸುವ ಕಾಕಾನನ್ನೇ ಕೇಳಿದೆ. "ಹೆಸರ ತಗೊಂಡ ಏನ ಮಾಡ್ತೀರಿ ಅಕ್ಕಾರ, ಗಣಪತಿ ಮುಗಿಯೂತನಕ ಯಾರನ್ನೂ ಕಳಸಬ್ಯಾಡ್ರಿ" ಎಂದರು. ಈಗ ಗಣಪತಿ ಮುಗಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಂಟ್ರಲ್ ಲೈನಿನ ಕರಿ ರೋಡ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ಲಾಲ್‌ಬಾಗ್ ಕಡೆ ನಡೆಯಿರಿ. ಚಿವಡಾ ಗಲ್ಲಿಯ ಕರಿದ ವಾಸನೆ ಬಂತೆಂದರೆ ಹತ್ತಿರ ಬಂದಿರಿ. ಮೆಣಸಿನಕಾಯಿ ಗಿರಣಿಯ ಘಾಟಿಗೆ ಸೀನು ಬಂತೆಂದರೆ ಸ್ವಲ್ಪ ಮುಂದೆ ಹೋಗಿಬಿಟ್ಟಿರಿ. ಆ ಎರಡರ ನಡುವೆ, ಒಂದು ಹಳೇ ಚಾಳಿನ ಕೆಳಗೆ, ಆರಡಿ ಅಗಲದ ಅಂಗಡಿ. ಹೊರಗೆ ತೊಗಲಿಲ್ಲದ ಢೋಲಕಿಗಳು ಹಗ್ಗದಲ್ಲಿ ನೇತಾಡುತ್ತಿರುತ್ತವೆ. ಅದೇ ಗುರುತು.

ಇಲ್ಲಿಗೆ ನಾವು ಹೋದದ್ದು ಒಂದು ಬ್ಯಾಂಜೋ ರಿಪೇರಿಗೆ. ಮುಂಬೈನವರು ಈ ಮಾತು ಕೇಳಿದ ಕೂಡಲೇ ತಲೆ ಆಡಿಸುತ್ತಾರೆ. "ಓಹೋ, ಬೆಂಜೋ!" ಅಲ್ಲೇ ಎಲ್ಲಾ ಎಡವಟ್ಟು ಶುರು. ಇಲ್ಲಿ ಬೆಂಜೋ ಅಂದರೆ ವಿಸರ್ಜನೆಯ ಮೆರವಣಿಗೆಯಲ್ಲಿ, ಮದುವೆಯ ಹಳದಿಯಲ್ಲಿ, ಟೆಂಪೋ ಮೇಲೆ ಸ್ಪೀಕರ್ ಹಾಕಿ ಬಾರಿಸುತ್ತಾರಲ್ಲ, ಅದು. ಟೈಪ್‌ರೈಟರ್ ಥರ ಗುಂಡಿ ಒತ್ತಿ ತಂತಿ ಮೀಟುವ ಉದ್ದ ಪೆಟ್ಟಿಗೆ. ನಮ್ಮ ಊರ ಕಡೆ ಅದನ್ನು ಬುಲ್‌ಬುಲ್ ತರಂಗ್ ಅನ್ನುತ್ತಾರೆ. ಅದರ ಮೂಲ ಜಪಾನಿನದು. 1912ರಲ್ಲಿ ನಾಗೋಯಾದಲ್ಲಿ ಹುಟ್ಟಿದ ತೈಶೋಗೋತೋ ಎಂಬ ವಾದ್ಯ ಹಡಗು ಹತ್ತಿ ಬಂದು ನಮ್ಮ ಗಣಪತಿಗೆ ಒಗ್ಗಿಹೋಯಿತು.

ನನ್ನ ಮಗ ನುಡಿಸುವುದು ಅಮೆರಿಕದ ಬ್ಯಾಂಜೋ. ಉರುಟು ಮೈ, ಉದ್ದ ಕತ್ತು, ಐದು ತಂತಿ. ಅದರ ಬೇರು ಇನ್ನೂ ದೂರದಲ್ಲಿದೆ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟ ಜನ ತಮ್ಮ ಊರಿನ ಸೋರೆಬುರುಡೆ ವಾದ್ಯಗಳ ನೆನಪಿನಲ್ಲಿ ಕಟ್ಟಿಕೊಂಡದ್ದು.

ನಮ್ಮ ಮನೆಗೆ ಅದು ಹೇಗೆ ಬಂತು ಅಂದರೆ, ನನ್ನ ತಮ್ಮನಿಂದ. ಅವನು ನಾರ್ತ್ ಕೆರೊಲಿನಾದ ರಾಲಿಯಲ್ಲಿ ಇದ್ದಾನೆ. 2013ರಿಂದ 2024ರವರೆಗೆ ಬ್ಲೂಗ್ರಾಸ್, ಅಂದರೆ ಬ್ಯಾಂಜೋ, ಪಿಟೀಲು ಹಿಡಿದು ನುಡಿಸುವ ಅಮೆರಿಕದ ಹಳ್ಳಿಗಾಡಿನ ಸಂಗೀತದವರ ದೊಡ್ಡ ವಾರ್ಷಿಕ ಹಬ್ಬ ಆ ಊರಿನಲ್ಲೇ ನಡೆಯುತ್ತಿತ್ತು. ಇವನು ಆಫೀಸ್ ಮುಗಿಸಿ ಹೋಗಿ ವಿಡಿಯೋ ಮಾಡಿ ಕಳಿಸುತ್ತಿದ್ದ. ಒಂದರಲ್ಲಿ ಅಣ್ಣ ತಂಗಿ ಇಬ್ಬರು ಮಕ್ಕಳು, ನಮ್ಮವರಷ್ಟೇ ವಯಸ್ಸು, ಫುಟ್‌ಪಾತಿನಲ್ಲಿ ನಿಂತು ಬೆರಳು ಕಾಣದ ವೇಗದಲ್ಲಿ ನುಡಿಸುತ್ತಿದ್ದರು. ಮುಲುಂಡಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಆ ವಿಡಿಯೋ ನೂರು ಸಲ ಓಡಿರಬೇಕು. ಮುಂದಿನ ಸಲ ಊರಿಗೆ ಬಂದಾಗ ಸೋದರಮಾವ ಸೂಟ್‌ಕೇಸ್ ಬದಲು ಬ್ಯಾಂಜೋ ಹೊತ್ತು ತಂದ. ಚಾಕಲೇಟ್ ತರಲಿಲ್ಲ ಅಂತ ನಾನು ಬೈದೆ.

ಮಗಳಿಗೆ ಹದಿಮೂರು. ಆರು ವರ್ಷದಿಂದ ಮಾಟುಂಗಾದಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. ಮಗನಿಗೆ ಹತ್ತು. ಅವನು ಮೃದಂಗ ಕಲಿಯಲು ಹೋಗಿ ಎಂಟು ತಿಂಗಳಿಗೆ ಬಿಟ್ಟವನು. ಆ ಎಂಟು ತಿಂಗಳು ದಂಡ ಅಂದುಕೊಂಡಿದ್ದೆ. ಆಗಲಿಲ್ಲ. ಬ್ಲೂಗ್ರಾಸ್ ಬ್ಯಾಂಜೋದಲ್ಲಿ ಬಲಗೈಯ ಮೂರು ಬೆರಳಿಗೆ ಪಿಕ್ ಅನ್ನುವ ಕೃತಕ ಉಗುರು ತೊಟ್ಟು ಸುತ್ತು ಸುತ್ತಾಗಿ ಮೀಟುತ್ತಾರೆ. ಅದಕ್ಕೆ ರೋಲ್ ಅನ್ನುತ್ತಾರೆ. ಎಂಟು ಮೀಟಿನ ಒಂದು ರೋಲ್ ಹೇಗೆ ಒಡೆಯುತ್ತದೆ ಗೊತ್ತಾ? ಮೂರು, ಮೂರು, ಎರಡು. ಅವನಿಗೆ ಯೂಟ್ಯೂಬಿನ ಮೇಷ್ಟರು ಹೇಳಿದ್ದು ತಲೆಗೆ ಹೋಗಲಿಲ್ಲ. ಅಕ್ಕ ಅಡುಗೆಮನೆಯಿಂದ "ತಕಿಟ ತಕಿಟ ತಕ, ಅಷ್ಟೇ ಕಣೋ" ಎಂದು ಕೂಗಿದಳು. ಸಂಜೆಯ ಹೊತ್ತಿಗೆ ಕೈ ಕೂತಿತು.

ಅವಳ ಕಡೆಯೂ ಒಂದು ಮಜಾ ಇದೆ. ಬ್ಯಾಂಜೋವನ್ನು ಸಾಮಾನ್ಯವಾಗಿ ಜಿ ಶ್ರುತಿಗೆ ಕೂಡಿಸುತ್ತಾರೆ, ಅಂದರೆ ನಮ್ಮ ಸಂಗೀತದವರ ಶ್ರುತಿ ಲೆಕ್ಕದಲ್ಲಿ ಐದು ಮನೆ. ಅಲ್ಲಿ ಷಡ್ಜ, ಅಂದರೆ ಸ, ಇಟ್ಟರೆ ಅದರ ನಾಲ್ಕು ಉದ್ದ ತಂತಿಗಳು ಪ, ಸ, ಗ, ಪ. ಐದನೆಯದು ಗಿಡ್ಡ ತಂತಿ, ಕತ್ತಿನ ಅರ್ಧದಲ್ಲೇ ಅದನ್ನು ಬಿಗಿಯುವ ಬಿರಡೆ. ಅದು ಮೇಲಿನ ಷಡ್ಜ. ಹೆಬ್ಬೆರಳು ಮತ್ತೆ ಮತ್ತೆ ಅದಕ್ಕೇ ತಾಗುತ್ತಿರುತ್ತದೆ. ತಂಬೂರಿ ಇದ್ದ ಹಾಗೆ ಅಲ್ವಾ? ಮಗಳ ಪಿಟೀಲು ಸ ಪ ಸ ಪ. ಐದು ಮನೆಗೆ ಏರಿಸಿದರೆ ಅದು ಜಿ ಡಿ ಜಿ ಡಿ. ಅಮೆರಿಕದ ಹಳೇ ಕಾಲದ ಹಳ್ಳಿ ಪಿಟೀಲಿನವರೂ ಕೆಲವು ಧಾಟಿಗಳಿಗೆ ತಂತಿ ಹೀಗೇ ಕೂಡಿಸುತ್ತಿದ್ದರಂತೆ. ಈಗಿನ ಬ್ಲೂಗ್ರಾಸ್‌ನವರು ಜಿ ಡಿ ಎ ಇ ಇಟ್ಟುಕೊಳ್ಳುವುದೇ ಜಾಸ್ತಿ, ಆದರೂ ಇವಳಿಗೆ ಇನ್ನೊಂದು ಪಿಟೀಲು ಕೊಡಿಸುವ ಖರ್ಚು ತಪ್ಪಿತು. ನೆಲದಲ್ಲಿ ಕೂತು ಪಾದದ ಮೇಲೆ ಪಿಟೀಲಿನ ತಲೆ ಇಡುವವಳು ಈಗ ನಿಂತು ಗದ್ದದಲ್ಲಿ ಹಿಡಿಯುವುದು ಕಲಿಯಬೇಕಾಯಿತು. ಕತ್ತು ನೋವು ಅಂತ ಒಂದು ತಿಂಗಳು ಐಯೋಡೆಕ್ಸ್. ಅವಳ ಗುರುಗಳಿಗೆ ಹೆದರುತ್ತಾ ಹೇಳಿದೆವು. "ನಿಂತಾದರೂ ನುಡಿಸಲಿ, ತಲೆಕೆಳಗಾಗಿಯಾದರೂ ನುಡಿಸಲಿ, ಶ್ರುತಿ ಬಿಡಬಾರದು" ಎಂದರು.

ಈಗ ರಿಪೇರಿಯ ವಿಷಯ. ತಪ್ಪು ನನ್ನದೇ.

ಜುಲೈ ಕೊನೆ. ಆಗಸ್ಟ್ ನಡುವಿನ ಒಂದು ಭಾನುವಾರ ಕನ್ನಡ ಮಕ್ಕಳ ಪ್ರತಿಭಾ ಸ್ಪರ್ಧೆ ಇತ್ತು. ಇಬ್ಬರ ಹೆಸರೂ ಕೊಟ್ಟಿದ್ದೆವು. ಮಳೆಗಾಲದ ತೇವಕ್ಕೆ ಬ್ಯಾಂಜೋ ತಂತಿಗಳೆಲ್ಲ ತುಕ್ಕು ಹಿಡಿದು ಬೆರಳಿಗೆ ಕಪ್ಪು ಅಂಟುತ್ತಿತ್ತು. ಹೊಸದು ಹಾಕೋಣ ಅಂತ ನಾನು ಐದೂ ತಂತಿಯನ್ನು ಒಟ್ಟಿಗೇ ಬಿಚ್ಚಿದೆ. ಟಕ್ ಅಂತ ಏನೋ ಬಿತ್ತು. ತಂತಿ ಹೊರುವ ಮರದ ಕುದುರೆ! ವೀಣೆಯಲ್ಲಿ ಕುದುರೆ ಕೂತ ಜಾಗ ಬಿಡುವುದಿಲ್ಲ. ಬ್ಯಾಂಜೋದಲ್ಲಿ ಅದನ್ನು ಅಂಟಿಸಿರುವುದೇ ಇಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ನನಗೆ ಹೇಗೆ ಗೊತ್ತಾಗಬೇಕು? ಎಲ್ಲಿತ್ತೋ ಅಲ್ಲಿ, ಕಣ್ಣಂದಾಜಿನಲ್ಲಿ ಇಟ್ಟೆ. ಆಮೇಲೆ ಬಿಡಿ ತಂತಿ ಮೀಟಿದರೆ ಶ್ರುತಿ ಸರಿ, ಮೇಲಿನ ಮೆಟ್ಟು (ಫ್ರೆಟ್) ಒತ್ತಿದರೆ ಅಪಸ್ವರ. ಸಾಲದ್ದಕ್ಕೆ ನಾದವೂ ಸತ್ತುಹೋಗಿತ್ತು. ಟಣ್ ಅನ್ನಬೇಕಾದದ್ದು ಒದ್ದೆ ರಟ್ಟಿನ ಡಬ್ಬ ಬಡಿದ ಹಾಗೆ ಥಡ್ ಥಡ್.

ಮಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಒಂದು ದೊಡ್ಡ ಅಂಗಡಿಗೆ ಹೋದೆವು. ಎಸಿ ಇತ್ತು, ಗಾಜಿನ ಬಾಗಿಲು ಇತ್ತು. ಗಿಟಾರ್ ಆದರೆ ಮಾಡ್ತೀವಿ, ಇದು ಬೇಡ ಎಂದರು. ಒಳಗೆ ಕರೆಯಲೂ ಇಲ್ಲ. ಇನ್ನೊಂದು ಕಡೆ, "ಗಿಟಾರ್ ತಂತಿಯೇ ಇದಕ್ಕೂ ಕೂರುತ್ತೆ ಮೇಡಂ" ಎಂದು ಒಂದು ಸೆಟ್ ಮಾರಿದರು. ಮನೆಗೆ ಬಂದು ನೋಡಿದರೆ ಗಿಟಾರ್ ತಂತಿಯ ತುದಿಯಲ್ಲಿ ಹಿತ್ತಾಳೆ ಗುಂಡು. ಬ್ಯಾಂಜೋಗೆ ಬೇಕಾದದ್ದು ಬರೀ ಕುಣಿಕೆ. ಕೂರಲಿಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ.

ಕೊನೆಗೆ ಫೋನಿನಲ್ಲಿ "ಮುಂಬೈ ಬ್ಯಾಂಜೋ" ಅಂತ ಹುಡುಕಿ ಸಿಕ್ಕ ನಂಬರಿಗೆಲ್ಲ ಫೋನ್ ಮಾಡಿದೆ. "ಎಷ್ಟು ಜನರ ಪಾರ್ಟಿ ಬೇಕು ತಾಯಿ? ಹಳದಿಗಾ, ಗಣಪತಿಗಾ? ನಾಸಿಕ್ ಢೋಲ್ ಕೂಡ ಕಳಿಸಲಾ?" ಒಬ್ಬನಂತೂ ನಾನು ಹೇಳುವುದನ್ನು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಮ್ಮ ಕೆಲಸ ಅಲ್ಲ, ಆದರೆ ತೊಗಲೂ ತಂತಿಯೂ ಎರಡೂ ಗೊತ್ತಿರುವ ಒಬ್ಬ ಕಾಕಾ ಲಾಲ್‌ಬಾಗ್‌ನಲ್ಲಿ ಇದ್ದಾರೆ" ಎಂದ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ.

ಕಾಕಾಗೆ ಅರವತ್ತು ದಾಟಿದೆ. ಬನಿಯನ್ನು, ಕಿವಿಯಲ್ಲಿ ಪೆನ್ಸಿಲ್. ಸುತ್ತ ಗಣಪತಿ ಮಂಡಳದ ತಾಶಾಗಳ ರಾಶಿ. ಒಂದು ಮೂಲೆಯಲ್ಲಿ ಹೊಟ್ಟೆ ಬಿಚ್ಚಿಕೊಂಡ ಬೆಂಜೋ, ಅದರ ಮೇಲೆ ಸೋಲ್ಡರಿಂಗ್ ಕಡ್ಡಿ. ನಾನು ಮರಾಠಿಯಲ್ಲಿ ಶುರು ಮಾಡಿದೆ. ಅಷ್ಟರಲ್ಲಿ ಮಗ ಒಂದು ಹಲಗೆಗೆ, ಬಳೆಗೆ ತೊಗಲು ಬಿಗಿದು ಬಾರಿಸುವ ವಾದ್ಯಕ್ಕೆ, ಕೈ ಹಾಕಿದ. "ಮುಟ್ಟಬೇಡ್ವೋ, ಬೇರೆಯವರದ್ದು" ಎಂದು ಗದರಿದೆ. ಕಾಕಾ ತಲೆ ಎತ್ತದೆ, "ಮುಟ್ಟಲಿ ಬಿಡ್ರಿ, ಏನೂ ಆಗಂಗಿಲ್ಲ" ಎಂದರು. ಲಾಲ್‌ಬಾಗ್‌ನಲ್ಲಿ ಕನ್ನಡ! ಊರು ಮಿರಜ. ಅವ್ವನ ತವರು ಅಥಣಿ ಕಡೆ. ಅಜ್ಜ ಸಿತಾರಿನ ಸೋರೆ ಬುರುಡೆ ಕೆತ್ತುತ್ತಿದ್ದರು. ಮಿರಜದ ಸಿತಾರು, ತಂಬೂರಿಗಳಿಗೆ 2024ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿತಲ್ಲ, ಅದನ್ನು ಹೇಳಿದೆ. "ಗುರುತ ಸಿಕ್ಕೇತಿ, ಬುರುಡಿ ಸಿಗವಲ್ದು" ಎಂದರು.

ಬ್ಯಾಂಜೋ ಚೀಲದಿಂದ ಹೊರಬಂತು. ತಿರುಗಿಸಿ ನೋಡಿದರು. ಬೆರಳಲ್ಲಿ ಒಂದು ಸಲ ತಟ್ಟಿದರು. ನಕ್ಕರು.

"ಅಲ್ರೀ ಅಕ್ಕಾರ, ಇದು ನಮ್ಮ ಬೆಂಜೋ ಅಲ್ಲ. ಹಲಗಿಗೆ ಕುತ್ತಿಗಿ ಹಚ್ಯಾರ ನೋಡ್ರಿ."

ಇಷ್ಟು ದಿನ ನಾನು ಓದಿದ ಎಲ್ಲಾ ವಿವರಣೆಗಿಂತ ಇದು ಚೆನ್ನಾಗಿತ್ತು. ಯಾಕೆಂದರೆ ಅದು ನಿಜವಾಗಿ ಹಲಗೆಯೇ. ಮರದ ಬಳೆ, ಮೇಲೆ ಬಿಗಿದ ತೊಗಲು. ಈಗಿನದ್ದು ಪ್ಲಾಸ್ಟಿಕ್ ತೊಗಲು, ಹಿಂದೆ ಚರ್ಮವೇ ಇತ್ತು. ಸುತ್ತ ಬಿಗಿಯಲು ಕೊಕ್ಕೆಗಳು, ನಮ್ಮದರಲ್ಲಿ 24. ಹಿಂದೆ ನಾಲ್ಕು ತಿರುಪಿನಲ್ಲಿ ಕೂರಿಸಿದ ಮರದ ತಟ್ಟೆ, ನಾದವನ್ನು ಮುಂದಕ್ಕೆ ತಳ್ಳಲಿಕ್ಕೆ. ಗಿಟಾರ್ ಗೊತ್ತಿರುವವರು ಇದನ್ನು ನೋಡಿ ಹೆದರಿದ್ದು ಅದಕ್ಕೇ. ಢೋಲಕಿ ಗೊತ್ತಿರುವವರಿಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ತಟ್ಟೆ ಬಿಚ್ಚಿದರು. ಕುದುರೆಯ ಪಕ್ಕ ತೊಗಲಿನ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಮಗನನ್ನು ಕರೆದು ತೋರಿಸಿದರು. ನಡುವೆ ಬೆಳಕು ಕಾಣುತ್ತಿತ್ತು. ಅಂದರೆ ತೊಗಲು ಕುಸಿದಿದೆ. ಸಣ್ಣ ಪಾನಾ ತೆಗೆದುಕೊಂಡು ಒಂದು ಕೊಕ್ಕೆಗೆ ಕಾಲು ಸುತ್ತು, ಆಮೇಲೆ ಅದರ ಎದುರಿನದಕ್ಕೆ ಕಾಲು ಸುತ್ತು. ಪಕ್ಕಪಕ್ಕದ್ದನ್ನು ಬಿಗಿಯಲೇಬಾರದಂತೆ, ಬಳೆ ಸೊಟ್ಟ ಆಗುತ್ತದೆ. ಪ್ರತಿ ಕೊಕ್ಕೆಯ ಹತ್ತಿರ ಬೆರಳಲ್ಲಿ ತಟ್ಟುತ್ತಾ, ಕಿವಿ ಹತ್ತಿರ ತರುತ್ತಾ, ಸುತ್ತಲೂ ಒಂದೇ ಸ್ವರ ಬರುವವರೆಗೆ. ಮಗಳು ಪಕ್ಕದಲ್ಲಿ ನಿಂತು, "ಕಾಕಾ, ಈ ಕಡೆ ಸ್ವಲ್ಪ ಇಳಿದಿದೆ" ಎಂದಳು. ಅವರು ಮತ್ತೆ ತಟ್ಟಿ ಕೇಳಿದರು. "ಹೌದವ್ವಾ" ಎಂದರು. ಅಲ್ಲಿಂದ ಮುಂದೆ ಅವಳನ್ನು ಪಕ್ಕದಿಂದ ಏಳಲು ಬಿಡಲಿಲ್ಲ.

ಕುದುರೆಗೆ ಒಂದು ದಾರ. ಕತ್ತಿನ ಮೇಲ್ತುದಿಯಿಂದ 12ನೇ ಮೆಟ್ಟಿನವರೆಗೆ ಅಳೆದರು. ಅದೇ ಉದ್ದ 12ನೇ ಮೆಟ್ಟಿನಿಂದ ಕೆಳಗೆ. ಅಲ್ಲಿ ಕುದುರೆ. ಅಷ್ಟೇ! ಆಮೇಲೆ ಸೂಕ್ಷ್ಮ ಕೆಲಸ. 12ರ ಮೇಲೆ ಬೆರಳು ಸುಮ್ನೆ ತಾಗಿಸಿ ಮೀಟಿದರೆ ಗಂಟೆಯಂಥ ಒಂದು ನಾದ ಬರುತ್ತದೆ. ಒತ್ತಿ ಮೀಟಿದರೆ ಸ್ವರ ಬರುತ್ತದೆ. ಎರಡೂ ಒಂದೇ ಆಗುವ ತನಕ ಕುದುರೆಯನ್ನು ಕೂದಲೆಳೆಯಷ್ಟು ಆಚೆ ಈಚೆ. ಸರಿಯಾದ ಮೇಲೆ ಕುದುರೆಯ ಕಾಲಿನ ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿದರು. "ಇನ್ನ ಮ್ಯಾಲೆ ತಂತಿ ಒಂದೊಂದ ಬದಲ ಮಾಡ್ರಿ. ಎಲ್ಲಾ ಒಮ್ಮೆಲೆ ಬಿಚ್ಚಿದವರು ಯಾರು?" ಮಗ ನನ್ನ ಕಡೆ ಕೈ ತೋರಿಸಿದ.

ದಂಡವಾಗಿ ಬಿದ್ದಿದ್ದ ಗಿಟಾರ್ ತಂತಿ ಸೆಟ್ ನೆನಪಾಯಿತು. ಇಕ್ಕಳದಲ್ಲಿ ಹಿತ್ತಾಳೆ ಗುಂಡನ್ನು ಪಟ್ ಅಂತ ಒಡೆದರು. ಉಳಿದದ್ದು ಕುಣಿಕೆ! ಎಲ್ಲವೂ ದಪ್ಪ ಹೊಂದಲಿಲ್ಲ. ಸಣ್ಣ ತಂತಿಗಳನ್ನು ಬಿಡಿಯಾಗಿ ಅವರ ಡಬ್ಬದಿಂದ ಕೊಟ್ಟರು. ಬ್ಯಾಂಜೋದ ಒಂದನೇ ತಂತಿಯೂ ಐದನೇ ತಂತಿಯೂ ಒಂದೇ ದಪ್ಪ ಇದ್ದರೆ ನಡೆಯುತ್ತದೆ.

ಇಷ್ಟೂ ಒಂದೇ ದಿನ ನಡೆಯಲಿಲ್ಲ. ನನ್ನ ದೊಡ್ಡ ದೂರು ಇದೇ. ಮೊದಲ ದಿನ ನೋಡಿ, ತೊಗಲು ಬಿಗಿದು, "ಕುತ್ತಿಗೀನೂ ಸ್ವಲ್ಪ ಎದ್ದೇತಿ, ಇಟ್ಟ ಹೋಗ್ರಿ, ಬೇಸ್ತವಾರ ಬರ್ರಿ" ಎಂದರು. ಗುರುವಾರ ಫೋರ್ಟಿನ ಆಫೀಸಿನಿಂದ ಅರ್ಧ ರಜೆ ಹಾಕಿ ಹೋದೆ. ಮುಟ್ಟಿರಲಿಲ್ಲ. "ಮಂಡಳದ ಪೋರಗೋಳು ಬಿಡವಲ್ರು ಅಕ್ಕಾರ." ಶನಿವಾರ ಹೋದೆ. ಬಾಗಿಲು ಮುಚ್ಚಿತ್ತು. ಫೋನ್ ಎತ್ತಲಿಲ್ಲ. ಕೈಗೆ ಸಿಕ್ಕಿದ್ದು ಅದರ ಮುಂದಿನ ಶುಕ್ರವಾರ. ಸ್ಪರ್ಧೆ ಭಾನುವಾರ. ಅಷ್ಟು ದಿನ ಮಗ ದಿಂಬಿನ ಮೇಲೆ ರೋಲ್ ಬಾರಿಸುತ್ತಾ ಕೂತಿದ್ದ. ಗಣಪತಿಗೆ ಮುಂಚಿನ ಒಂದೂವರೆ ತಿಂಗಳು ಈ ಅಂಗಡಿಗೆ ಹೋಗಲೇಬೇಡಿ.

ಆದರೆ ಆ ಶುಕ್ರವಾರ ಸಂಜೆಯನ್ನು ನಾನು ಮರೆಯುವುದಿಲ್ಲ. "ಬಾರ್ಸಿ ತೋರಸ್ರಿ, ಇಲ್ಲಾಂದ್ರ ಹೆಂಗ ಗೊತ್ತಾಗಬೇಕು?" ಎಂದರು ಕಾಕಾ. ಮಕ್ಕಳು ಅಂಗಡಿ ಮುಂದಿನ ಕಟ್ಟೆ ಮೇಲೆ ನಿಂತರು. ಮೊದಲು ಬ್ಯಾಂಜೋ, ನಾಲ್ಕು ಸುತ್ತು ಆದಮೇಲೆ ಪಿಟೀಲು. ಆ ಸಂಗೀತದಲ್ಲಿ ಒಬ್ಬೊಬ್ಬರು ಸರದಿಯಲ್ಲಿ ಮುಂದೆ ಬಂದು ನುಡಿಸುತ್ತಾರೆ, ಉಳಿದವರು ದನಿ ತಗ್ಗಿಸಿ ಹಿಂದೆ ಸರಿಯುತ್ತಾರೆ. ಸರದಿಗೆ ಬ್ರೇಕ್ ಅನ್ನುತ್ತಾರೆ. ಕಛೇರಿಯಲ್ಲಿ ತಾಳವಾದ್ಯದವರು ಸರದಿಯಲ್ಲಿ ನುಡಿಸುವ ತನಿ ಆವರ್ತನದ ರುಚಿ ಗೊತ್ತಿರುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಾಕಾ ಸ್ವಲ್ಪ ಹೊತ್ತು ಕೇಳಿ, ಅರ್ಧ ರಿಪೇರಿಯಾದ ಒಂದು ಢೋಲಕಿ ಎತ್ತಿಕೊಂಡರು. ತಮ್ಮ ಬೆಂಜೋ ತೆಗೆದುಕೊಂಡು ಹೋಗಲು ಬಂದಿದ್ದ ಹುಡುಗನೊಬ್ಬ ವೈರ್ ಚುಚ್ಚಿಯೇಬಿಟ್ಟ. ಜಪಾನಿನ ಬೆಂಜೋ, ಆಫ್ರಿಕಾದ ಬ್ಯಾಂಜೋ, ಮಾಟುಂಗಾದ ಪಿಟೀಲು, ಮಿರಜದ ಕೈ. ಮೆಣಸಿನಪುಡಿ ಘಾಟಿಗೆ ಎಲ್ಲರೂ ನಡುನಡುವೆ ಸೀನುತ್ತಿದ್ದರು. ಆ ಬೆಂಜೋ ಹುಡುಗ ವೇಗ ಏರಿಸುತ್ತಲೇ ಹೋದ. ನನ್ನ ಮಗ ಬಿಡಲಿಲ್ಲ. ಕೊನೆಗೆ ಮಗಳೇ ಬಿಲ್ಲು ಎತ್ತಿ ನಿಲ್ಲಿಸಿದಳು.

ಬ್ಲೂಗ್ರಾಸ್‌ನಲ್ಲಿ ಅಣ್ಣತಮ್ಮ, ಅಕ್ಕತಮ್ಮ ಒಟ್ಟಿಗೆ ನುಡಿಸುವುದು ಹೊಸದಲ್ಲ. ಆ ಸಂಗೀತದ ಪಿತಾಮಹ ಅನ್ನಿಸಿಕೊಂಡ ಬಿಲ್ ಮನ್ರೋ, ಕೆಂಟಕಿಯವನು, 1930ರ ದಶಕದಲ್ಲಿ ಮೊದಲು ಹೆಸರು ಮಾಡಿದ್ದು ಅಣ್ಣ ಚಾರ್ಲಿಯ ಜೊತೆ. ಆಸ್ಬೋರ್ನ್ ಸಹೋದರರು, ವರ್ಜೀನಿಯಾದ ಸ್ಟ್ಯಾನ್ಲಿ ಸಹೋದರರು, ಹೀಗೆ ಹೇಳುತ್ತಾ ಹೋಗಬಹುದು. ಒಡಹುಟ್ಟಿದವರ ದನಿ ಕೂಡುವುದಕ್ಕೆ ಅವರಲ್ಲಿ ಬೇರೆ ಹೆಸರೇ ಇದೆ, ರಕ್ತದ ಮೇಳ ಅನ್ನುವ ಅರ್ಥದ್ದು. ಕ್ಯಾಲಿಫೋರ್ನಿಯಾದ ನಿಕಲ್ ಕ್ರೀಕ್ ತಂಡದ ಶಾನ್ ಮತ್ತು ಸಾರಾ ವಾಟ್ಕಿನ್ಸ್ ಅಣ್ಣ ತಂಗಿ. 1989ರಲ್ಲಿ ಗೆಳೆಯ ಕ್ರಿಸ್ ಥೀಲಿ ಜೊತೆ ಒಂದು ಪಿಜ್ಜಾ ಅಂಗಡಿಯಲ್ಲಿ ನುಡಿಸಿ ಶುರು ಮಾಡಿದಾಗ ಮೂವರೂ ಚಿಕ್ಕ ಮಕ್ಕಳು. ಆಮೇಲೆ ಗ್ರ್ಯಾಮಿವರೆಗೆ ಹೋದರು. ಇದು ಮಗಳಿಗೆ ಬಾಯಿಪಾಠ. "ಅವರಿಗೆ ಪಿಜ್ಜಾ ಅಂಗಡಿ, ನಮಗೆ ಚಿವಡಾ ಗಲ್ಲಿ" ಎನ್ನುತ್ತಾಳೆ.

ನನಗೆ ಇಷ್ಟವಾದ ಕತೆ ಬೇರೆ. ಮೂರು ಬೆರಳಿನ ಬ್ಯಾಂಜೋ ಶೈಲಿಯನ್ನು ಜಗತ್ತಿಗೆ ತೋರಿಸಿದ ಅರ್ಲ್ ಸ್ಕ್ರಗ್ಸ್ 1945ರ ಕೊನೆಗೆ ಮನ್ರೋ ತಂಡ ಸೇರಿದವನು. ಹುಡುಗನಾಗಿದ್ದಾಗ ಅವನೂ ಅಣ್ಣ ಹೊರೇಸ್‌ನೂ ಒಂದು ಧಾಟಿ ಶುರು ಮಾಡಿ, ಮನೆಯ ಸುತ್ತ ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ನುಡಿಸುತ್ತಾ ಹೋಗುತ್ತಿದ್ದರಂತೆ. ಹಿತ್ತಿಲಲ್ಲಿ ಎದುರಾದಾಗ ಕಾಲ ಇನ್ನೂ ಕೂಡಿದೆಯಾ ಅಂತ ನೋಡಲಿಕ್ಕೆ. ಮುಲುಂಡಿನಲ್ಲಿ ಮನೆಯ ಸುತ್ತ ಹೋಗಲು ರೆಕ್ಕೆ ಬೇಕು. ನಮ್ಮವರು ಮೂರನೇ ಮಹಡಿಯಿಂದ ಒಬ್ಬರು ಲಿಫ್ಟಿನಲ್ಲಿ, ಒಬ್ಬರು ಮೆಟ್ಟಿಲಲ್ಲಿ ಇಳಿಯುತ್ತಾರೆ. ವಾಚ್‌ಮನ್ ಹತ್ತಿರ ಎದುರಾಗುತ್ತಾರೆ. ಸೊಸೈಟಿಯಿಂದ ಎರಡು ಸಲ ದೂರು ಬಂದಿದೆ.

ಸ್ಪರ್ಧೆ ಹೇಗಾಯಿತು ಅಂತ ಕೇಳುತ್ತೀರಿ. ಫಾರ್ಮಿನಲ್ಲಿ ಎರಡೇ ವಿಭಾಗ ಇತ್ತು. ಒಬ್ಬರದ್ದು ಸೋಲೋ, ಇಲ್ಲಾ ಕನಿಷ್ಠ ನಾಲ್ಕು ಜನರ ಗುಂಪು. ಇಬ್ಬರಿಗೆ ಜಾಗವೇ ಇಲ್ಲ! ಕೌಂಟರಿನಲ್ಲಿದ್ದ ಹಿರಿಯರು ಒಳ್ಳೆ ಮನಸ್ಸಿನಿಂದಲೇ, "ಅಕ್ಕನ ಹೆಸರಲ್ಲಿ ಸೋಲೋ ಹಾಕಿ, ತಮ್ಮ ಪಕ್ಕವಾದ್ಯ ಅಂತ ಬರೆದುಬಿಡಿ" ಎಂದರು. ತಮ್ಮನ ಮುಖ ನೋಡಬೇಕಿತ್ತು. ವರ್ಜೀನಿಯಾದ ಗ್ಯಾಲಾಕ್ಸ್ ಎಂಬ ಊರಲ್ಲಿ 1935ರಿಂದ ಪಿಟೀಲಿನವರ ಸ್ಪರ್ಧೆ ನಡೆಯುತ್ತಿದೆ, ಅದೂ ಆಗಸ್ಟಿನಲ್ಲೇ. ಅಲ್ಲಿ ಬ್ಯಾಂಜೋಗೆ ಬೇರೆ, ಪಿಟೀಲಿಗೆ ಬೇರೆ, ಮಕ್ಕಳಿಗೆ ಬೇರೆ ವಿಭಾಗ. ಇದನ್ನೆಲ್ಲ ಅವನು ಕೌಂಟರಿನ ಹಿರಿಯರಿಗೆ ವಿವರಿಸತೊಡಗಿದ. ಎಳೆದುಕೊಂಡು ಬಂದೆ.

ವೇದಿಕೆಯಲ್ಲಿ ನಡುವೆ ಒಂದೇ ಮೈಕ್ ಕೊಡಿ ಎಂದು ಇಬ್ಬರೂ ಕೇಳಿದರು. ಹಳೇ ರೇಡಿಯೋ ಕಾಲದ ಪದ್ಧತಿ ಅದು. ಬ್ರೇಕ್ ಬಂದವರು ಮೈಕಿನ ಹತ್ತಿರ, ಉಳಿದವರು ದೂರ. ಸೌಂಡಿನವನು ಒಪ್ಪಲಿಲ್ಲ. ಎರಡು ಮೈಕ್ ಇಟ್ಟ, ಬ್ಯಾಂಜೋದ ಮೈಕ್ ಕುಂಯ್ ಅಂದಿತು, ಅದನ್ನು ತಗ್ಗಿಸಿಬಿಟ್ಟ. ಮೊದಲು ಹಳೇ ಬ್ಯಾಂಜೋ ಧಾಟಿ ಒಂದು, ಆಮೇಲೆ ಅದೇ ಓಟದಲ್ಲಿ ಒಂದು ದೇವರನಾಮ. ದೇವರನಾಮದ ನಡುವೆ ಐದನೇ ತಂತಿಯ ಬಿರಡೆ ಜಾರಿತು. ಕಾಕಾ ಅದಕ್ಕೆ ಸೀಮೆಸುಣ್ಣ ಹಚ್ಚಿ ಕೂರಿಸಿದ್ದರು, ಸೆಕೆಗೋ ಏನೋ ನಿಲ್ಲಲಿಲ್ಲ. ಮೇಲಿನ ಷಡ್ಜ ನಿಧಾನಕ್ಕೆ ಇಳಿಯತೊಡಗಿತು. ನನ್ನ ಹೊಟ್ಟೆಯೂ. ಮಗ ಹೆಬ್ಬೆರಳನ್ನು ಐದನೇ ತಂತಿಯಿಂದ ಎತ್ತಿಬಿಟ್ಟ, ನಾಲ್ಕರಲ್ಲೇ ಓಡಿಸಿದ. ಮಗಳು ಅವನ ಕಡೆ ನೋಡಲಿಲ್ಲ. ಬಿಲ್ಲನ್ನು ಬಿಡಿ ತಂತಿಗೆ ತಾಗಿಸಿ ಷಡ್ಜವನ್ನು ತಾನೇ ಹಿಡಿದುಕೊಂಡಳು. ಇಬ್ಬರೂ ಮನೆಯಲ್ಲಿ ಟಿವಿ ರಿಮೋಟಿಗೆ ಕೂದಲು ಎಳೆದಾಡುವವರು.

ಸಮಾಧಾನಕರ ಬಹುಮಾನ ಬಂತು. ಮೊದಲ ಬಹುಮಾನ ಯಕ್ಷಗಾನದ ಹೆಜ್ಜೆ ಹಾಕಿದ ಏಳು ವರ್ಷದ ಹುಡುಗನಿಗೆ, ನ್ಯಾಯವಾಗಿಯೇ. ತೀರ್ಪುಗಾರರೊಬ್ಬರು ಇಳಿದು ಬಂದು ಮಗನ ಬೆನ್ನು ತಟ್ಟಿ, "ಬೆಂಜೋ ತುಂಬಾ ಚೆನ್ನಾಗಿತ್ತು ಮರಿ" ಎಂದರು. ತಿದ್ದಲು ಹೊರಟವನ ಭುಜ ಒತ್ತಿದೆ. ಸೋಲೋ ವಿಭಾಗ ಆದ್ದರಿಂದ ಒಂದೇ ಪ್ರಮಾಣಪತ್ರ, ಒಂದೇ ಸ್ಟೀಲ್ ಡಬ್ಬಿ, ಅಕ್ಕನ ಹೆಸರಿಗೆ.

ಈಗ ಲೆಕ್ಕ. ತೊಗಲು, ಕುದುರೆ, ಕತ್ತು, ಬಿಡಿ ತಂತಿ ಎಲ್ಲಾ ಸೇರಿ ಕಾಕಾ ತೆಗೆದುಕೊಂಡದ್ದು 600 ರೂಪಾಯಿ. ಬಿಲ್ ಇಲ್ಲ. ಫೋನಿನಲ್ಲಿ ಹಣ ಹಾಕಬಹುದು, ಕಾಕಾನ ಮಗನ ಹೆಸರಿಗೆ ಹೋಗುತ್ತದೆ. ರಸೀದಿ ಕೇಳಿದರೆ ಢೋಲಕಿಯ ಹಳೇ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಡುತ್ತಾರೆ. ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ತಡ ಮಾಡಿದ್ದಕ್ಕೆ. ಬಿರಡೆಗೆ ಕಡಿಮೆ ಮಾಡಿಲ್ಲ, ಯಾಕೆಂದರೆ ಅದು ಹೆಚ್ಚು ದಿನ ನಿಲ್ಲೋದಿಲ್ಲ, ಹಲ್ಲಿನ (ಹಲ್ಲುಚಕ್ರದ) ಬಿರಡೆ ತರಿಸಿ ಅಂತ ಅವರು ಮೊದಲೇ ಹೇಳಿದ್ದರು. ನಾನೇ ಕೇಳಿಸಿಕೊಂಡಿರಲಿಲ್ಲ. ಕುಣಿಕೆ ಇರುವ ತಂತಿ ಸೆಟ್ ನೀವೇ ತರಿಸಿಕೊಂಡು ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ತೆರೆಯುವುದಿಲ್ಲ. ಪೀಕ್ ಅವರ್‌ನಲ್ಲಿ ಬ್ಯಾಂಜೋ ಹಿಡಿದು ಲೋಕಲ್ ಹತ್ತಬೇಡಿ, ನಮ್ಮದು ನಾಲ್ಕು ಕಿಲೋ ಮೇಲಿದೆ, ಚೀಲದ ಮೂಲೆ ಯಾರದ್ದಾದರೂ ಪಕ್ಕೆಗೆ ತಾಗಿಯೇ ತಾಗುತ್ತದೆ.

ತಮ್ಮ ರಾಲಿಯಿಂದ ಹಲ್ಲಿನ ಬಿರಡೆ ಕಳಿಸಿದ್ದಾನೆ. ಬರುವ ಶನಿವಾರ ಕಾಕಾ ಹತ್ತಿರ ಹೋಗುತ್ತಿದ್ದೇವೆ. ಬರುವಾಗ ಬಹುಮಾನದ ಡಬ್ಬಿಯಲ್ಲಿ ಚಿವಡಾ ತುಂಬಿಸಿಕೊಂಡು ಬರಬೇಕು ಅಂತ ಇಬ್ಬರೂ ಒಪ್ಪಿದ್ದಾರೆ. ಡಬ್ಬಿ ಯಾರದ್ದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.